ಗುಂಡುಕಲ್ಲು: ಕೆರ್ಬಲ್ ಆಟದಲ್ಲಿ 118 ಟನ್ ಕ್ಷುದ್ರಗ್ರಹವೊಂದನ್ನು ಹಿಡಿದು ತಂದ ಕೆಲಸದ ದಾಖಲೆ

ಕೆಲಸ ಮುಗಿದಿದೆ. 118 ಟನ್ ತೂಗುವ ಬಂಡೆಯೊಂದು ಈಗ ಆಟದ ಭೂಮಿಯಾದ ಕೆರ್ಬಿನ್ ಸುತ್ತ, ನೆಲದಿಂದ 29,400 ಕಿಮೀ ಎತ್ತರದಲ್ಲಿ ನೆಲೆ ನಿಂತಿದೆ. ಅದರಿಂದ ಇಂಧನ ತೆಗೆಯುವ ಕೆಲಸವೂ ಶುರುವಾಗಿದೆ. ಮತ್ತೆ ಯಾರಾದರೂ ಇದೇ ಕೆಲಸಕ್ಕೆ ಕೈ ಹಾಕಿದರೆ ನಾನು ಕಳೆದಷ್ಟು ಇಂಧನವನ್ನೂ ಸಂಜೆಗಳನ್ನೂ ಕಳೆಯದಿರಲಿ ಎಂದು ಹಂತಹಂತವಾಗಿ ಬರೆದಿಡುತ್ತಿದ್ದೇನೆ.

ಆಟ ಕೆರ್ಬಲ್ ಸ್ಪೇಸ್ ಪ್ರೋಗ್ರಾಂ, ರಾಕೆಟ್ ಕಟ್ಟಿ ಹಾರಿಸುವ ಕಂಪ್ಯೂಟರ್ ಆಟ. ಆವೃತ್ತಿ 1.12.5, ಕರಿಯರ್ ಮೋಡ್ (ಹಣ ಗಳಿಸಿ ಕಟ್ಟಡಗಳ ಮಟ್ಟ ಏರಿಸುತ್ತ ಆಡುವ ಬಗೆ). ಮಾಡ್ (ಹೊರಗಿನವರು ಮಾಡಿದ ಸೇರ್ಪಡೆ) ಒಂದೂ ಇಲ್ಲ. ಲ್ಯಾಪ್‌ಟಾಪ್ ಸಾಧಾರಣದ್ದು, 8 ಜಿಬಿ ರ್ಯಾಮ್. ಕೆಳಗೆ 'ದಿನ' ಎಂದು ಬರೆದಲ್ಲೆಲ್ಲ ಅದು ಕೆರ್ಬಿನ್ ದಿನ, ಅಂದರೆ 6 ಗಂಟೆ. ವೇಗವೆಲ್ಲ ಮೀಟರ್ ಪ್ರತಿ ಸೆಕೆಂಡಿನಲ್ಲಿ.

ಈ ಆಟಕ್ಕೆ ಕ್ಷುದ್ರಗ್ರಹಗಳು ಬಂದದ್ದು 2014ರ ಏಪ್ರಿಲ್ 1ರಂದು, 0.23.5 ಆವೃತ್ತಿಯಲ್ಲಿ. ಆಟ ಕಟ್ಟಿದ ಮೆಕ್ಸಿಕೋದ ಸ್ಕ್ವಾಡ್ ತಂಡ ಅದನ್ನು ನಾಸಾ ಜೊತೆ ಸೇರಿ ಮಾಡಿತ್ತು. ಆಗ ನಾಸಾ ನಿಜವಾಗಿಯೂ ಒಂದು ಬಂಡೆಯನ್ನು ಹಿಡಿದು ಚಂದ್ರನ ಬಳಿಗೆ ತರುವ ಯೋಜನೆ ಹಾಕಿಕೊಂಡಿತ್ತು. 2017ರಲ್ಲಿ ಆ ಯೋಜನೆ ರದ್ದಾಯಿತು. ಆಟದಲ್ಲಿ ಮಾತ್ರ ಅದನ್ನು ಇಂದಿಗೂ ಮಾಡಿ ನೋಡಬಹುದು. ನನಗೆ ಈ ಕೆಲಸದ ಮೇಲೆ ಆಸೆ ಹುಟ್ಟಿದ್ದೇ ಅದರಿಂದ.

ಹಂತ 1: ಬಂಡೆ ಆರಿಸುವುದು

ಟ್ರ್ಯಾಕಿಂಗ್ ಸ್ಟೇಷನ್ (ಆಕಾಶದ ವಸ್ತುಗಳನ್ನು ಗಮನಿಸುವ ಕಟ್ಟಡ) ಮೂರನೇ ಮಟ್ಟಕ್ಕೆ ಏರುವ ತನಕ ಅಜ್ಞಾತ ವಸ್ತುಗಳು ಕಾಣುವುದೇ ಇಲ್ಲ. ಏರಿಸಿದ ಮೇಲೆ ಮೂರು ಅಕ್ಷರ, ಮೂರು ಅಂಕಿಯ ಹೆಸರು ಹೊತ್ತ ಬಂಡೆಗಳು ಪಟ್ಟಿಗೆ ಬರುತ್ತವೆ. 'ಟ್ರ್ಯಾಕ್' ಒತ್ತದೆ ಬಿಟ್ಟರೆ ಕೆಲವು ದಿನಗಳಲ್ಲಿ ಅವು ಪಟ್ಟಿಯಿಂದಲೇ ಮಾಯವಾಗುತ್ತವೆ. ಹಾಗಾಗಿ ಇಷ್ಟವಾದದ್ದನ್ನು ಕಂಡ ತಕ್ಷಣ ಟ್ರ್ಯಾಕ್‌ಗೆ ಹಾಕಿ, ಆಮೇಲೆ ನಿಧಾನವಾಗಿ ಯೋಚಿಸಿ.

ಗಾತ್ರ ಎ ಯಿಂದ ಇ ವರೆಗೆ ಐದು ವರ್ಗ. ಎ ವರ್ಗದ್ದು ಕೆಲವೇ ಟನ್, ಇ ವರ್ಗದ್ದು ಸಾವಿರಾರು ಟನ್. ಇಂಧನ ತೆಗೆಯಲು ಸಾಕಷ್ಟು ದೊಡ್ಡದೂ ಎರಡು ಎಂಜಿನ್ ತಳ್ಳಬಲ್ಲಷ್ಟು ಹಗುರವೂ ಆದದ್ದು ಬೇಕಿತ್ತು. ಅದು ಸಿ ವರ್ಗ. ಆದರೆ ದೂರದಿಂದ ತಿಳಿಯುವುದು ವರ್ಗ ಮಾತ್ರ, ನಿಖರ ತೂಕ ತಿಳಿಯುವುದು ಹತ್ತಿರ ಹೋದ ಮೇಲೆ. ಇಂಧನವನ್ನು ವರ್ಗದ ಮೇಲಿನ ಅಂಚಿಗೆ ಲೆಕ್ಕ ಹಾಕಿ ತುಂಬಿಕೊಂಡು ಹೋಗಬೇಕು.

ಹಂತ 2: ಕೊಕ್ಕೆ-1, ಕೈತಪ್ಪಿದ ಬಂಡೆ

ಮೊದಲ ನೌಕೆ ಚಿಕ್ಕದು. ಒಂದೇ ನರ್ವ್ ಅಣು ಎಂಜಿನ್ (60 ಕಿಲೋನ್ಯೂಟನ್, ನಿರ್ವಾತದಲ್ಲಿ ಐಎಸ್‌ಪಿ, ಅಂದರೆ ಇಂಧನ ದಕ್ಷತೆಯ ಅಳತೆ, 800), ಮೂರು ಎಂಕೆ-1 ಇಂಧನ ಟ್ಯಾಂಕ್, ಮೂತಿಯಲ್ಲಿ ಕ್ಲಾ (ಬಂಡೆಯನ್ನು ಕಚ್ಚಿ ಹಿಡಿಯುವ ಭಾಗ). ಟ್ಯಾಂಕಿಗೆ 400 ಯೂನಿಟ್‌ನಂತೆ ಇಂಧನ 6 ಟನ್, ಒಟ್ಟು ತೂಕ ಹನ್ನೆರಡು ಟನ್ನಿಗೆ ತುಸು ಕಡಿಮೆ.

ಯೋಜನೆ ಸರಳವಿತ್ತು. ಬಂಡೆ ಕೆರ್ಬಿನ್‌ನ ಪ್ರಭಾವ ವಲಯದೊಳಗೆ (ಅದರ ಸೆಳೆತ ನಡೆಯುವ ಜಾಗದೊಳಗೆ) ಬಂದು 9,400 ಕಿಮೀ ಎತ್ತರದಲ್ಲಿ ಹಾದು ಹೋಗುತ್ತದೆ. ನೌಕೆಯ ಕಕ್ಷೆಯನ್ನು ಅಲ್ಲಿಯವರೆಗೆ ಎತ್ತರಿಸಿ, ಬಂಡೆಯ ಪೆರಿಯಾಪ್ಸಿಸ್‌ನಲ್ಲೇ (ಪಥದ ಅತಿ ಹತ್ತಿರದ ಬಿಂದುವಿನಲ್ಲೇ) ಸಂಧಿಸಿ, ಹಿಡಿದು, ಹಿಂದಕ್ಕೆ ತಳ್ಳುವುದು. 100 ಕಿಮೀ ಕಕ್ಷೆಯಿಂದ ಮೇಲೇರಲು ವೇಗಕ್ಕೆ 825 ಮೀ/ಸೆ ಸೇರಿಸಬೇಕು. ಅಲ್ಲಿ ನನ್ನ ವೇಗ 215, ಬಂಡೆಯದು 1,030. ಸರಿಗಟ್ಟಲು ಇನ್ನೂ 815.

ಸಂಧಿಸುವುದು ಆಯಿತು, ಹಿಡಿಯುವುದೂ ಆಯಿತು. ಕೆಟ್ಟದ್ದು ಆಮೇಲೆ. ಬಂಡೆ 126 ಟನ್ ಇತ್ತು. ಉಳಿದ ಇಂಧನಕ್ಕೆ ಆ ತೂಕದೊಂದಿಗೆ ಸಿಗುವುದು 220 ಮೀ/ಸೆ. ಪೆರಿಯಾಪ್ಸಿಸ್‌ನಲ್ಲೇ ಉರಿಸಿದ್ದರೂ ಬಂಡೆ ಕೆರ್ಬಿನ್‌ಗೆ ಸಿಕ್ಕಿಬೀಳಲು ಸುಮಾರು 235 ಬೇಕು. ಕಾಗದದ ಮೇಲೆಯೇ ತುಸು ಸಾಲದು. ಅದರ ಮೇಲೆ, ಎಂಜಿನ್ ಪೂರ್ತಿ ತೆರೆದೊಡನೆ ಬಂಡೆಯೂ ನೌಕೆಯೂ ಸೇರಿ ತಿರುಗತೊಡಗಿದವು. ಕ್ಲಾ ಕಚ್ಚಿದ್ದು ಬಂಡೆಯ ಒಂದು ಅಂಚಿಗೆ, ಎಂಜಿನ್ನಿನ ಒತ್ತಡದ ಗೆರೆ ತೂಕದ ಕೇಂದ್ರದಿಂದ ಒಂದು ಮೀಟರಿಗೂ ಹೆಚ್ಚು ಪಕ್ಕಕ್ಕೆ ಹಾದಿತ್ತು. ಸರಕು ತುಂಬಿದ ತಳ್ಳುಗಾಡಿಯನ್ನು ಒಂದೇ ಮೂಲೆ ಹಿಡಿದು ದೂಡಿದ ಹಾಗೆ.

ನರ್ವ್ ಎಂಜಿನ್ನಿನ ಬಾಯಿ ಆಚೀಚೆ ಹೊರಳುವುದಿಲ್ಲ. ತಿರುಗುವುದನ್ನು ತಡೆಯಲು ಇದ್ದದ್ದು ರಿಯಾಕ್ಷನ್ ವೀಲ್ (ಒಳಗೆ ತಿರುಗಿ ನೌಕೆಯನ್ನು ಹೊರಳಿಸುವ ಚಕ್ರ) ಒಂದೇ, ಅದರ ಬಲ 15 ಕಿಲೋನ್ಯೂಟನ್-ಮೀಟರ್. 60 ಕಿಲೋನ್ಯೂಟನ್ ಎಂಜಿನ್ನಿಗೆ ಅದು ತಡೆಯಬಲ್ಲ ಓರೆ ಬರೀ 25 ಸೆಂಮೀ. ಎಂಜಿನ್ನನ್ನು ಶೇ 20ಕ್ಕೆ ಇಳಿಸಿದಾಗ ತಿರುಗುವುದು ನಿಂತಿತು, ಆದರೆ ಅಷ್ಟು ಇಂಧನ ಉರಿಯಲು 40 ನಿಮಿಷ ಬೇಕು. ಅಷ್ಟರಲ್ಲಿ ಬಂಡೆ ಪೆರಿಯಾಪ್ಸಿಸ್ ದಾಟಿ ಬಹುದೂರ ಹೋಗಿತ್ತು. ದೂರ ಹೋದಷ್ಟೂ ಅದನ್ನು ಸೆರೆಹಿಡಿಯಲು ಬೇಕಾದ ಡೆಲ್ಟಾ-ವಿ (ವೇಗದ ಬದಲಾವಣೆ) ಏರುತ್ತ ಹೋಯಿತು. ಇಂಧನ ಮುಗಿದಾಗಲೂ ಅದು ಕೆರ್ಬಿನ್ ಬಿಟ್ಟು ಹೋಗುವ ಹಾದಿಯಲ್ಲೇ ಇತ್ತು. ಕೊಕ್ಕೆ-1 ಈಗ ಆ ಬಂಡೆಯೊಂದಿಗೇ ಸೂರ್ಯನ ಸುತ್ತ ತಿರುಗುತ್ತಿದೆ.

ಇದರಿಂದ ಮುಂದಿನ ನೌಕೆಗೆ ಎರಡು ತೀರ್ಮಾನ. ಬಂಡೆಯನ್ನು ಕೆರ್ಬಿನ್ ಹತ್ತಿರ ಕಾಯುವುದು ಬೇಡ, ತಿಂಗಳುಗಟ್ಟಲೆ ಮೊದಲೇ ಸೂರ್ಯನ ಕಕ್ಷೆಯಲ್ಲಿ ಹೋಗಿ ಹಿಡಿಯಬೇಕು. ಮತ್ತು ಒತ್ತಡದ ಗೆರೆಯನ್ನು ತೂಕದ ಕೇಂದ್ರದ ಮೂಲಕ ಹಾಯಿಸುವ ಕೆಲಸಕ್ಕೆ ಅವಸರವಿಲ್ಲದ ಸಮಯ ಸಿಗಬೇಕು. ಇಡೀ ಕೆಲಸದಲ್ಲಿ ಕಷ್ಟವೆಂದರೆ ಆ ಗೆರೆ. ಬಂಡೆ ಮುಟ್ಟುವುದಾಗಲಿ ಹಿಡಿಯುವುದಾಗಲಿ ಅದರ ಮುಂದೆ ಏನೂ ಅಲ್ಲ.

ಹಂತ 3: ಕೊಕ್ಕೆ-2 ಕಟ್ಟಿದ್ದು

ನಡುಗಂಬದಲ್ಲಿ ನಾಲ್ಕು ಎಂಕೆ-1 ಟ್ಯಾಂಕ್, ಎರಡು ಪಕ್ಕದಲ್ಲಿ ಎರಡೆರಡು. ಪಕ್ಕದ ಎರಡು ಸಾಲಿನ ಕೆಳಗೆ ಒಂದೊಂದು ನರ್ವ್. ಮೂತಿಯಲ್ಲಿ ಕ್ಲಾ, ಅದರ ಹಿಂದೆ ನಿಯಂತ್ರಣ ಕೋರ್ (ಚಾಲಕನಿಲ್ಲದೆ ನೌಕೆ ನಡೆಸುವ ಭಾಗ), 15 ಕಿಲೋನ್ಯೂಟನ್-ಮೀಟರಿನ ರಿಯಾಕ್ಷನ್ ವೀಲ್ ಎರಡು, ಬ್ಯಾಟರಿ, ಸೌರ ಫಲಕ. ಕೋರ್ ಆರಿಸುವಾಗ ಎಸ್‌ಎಎಸ್ (ನೌಕೆಯ ದಿಕ್ಕನ್ನು ತಾನೇ ಹಿಡಿದಿಡುವ ವ್ಯವಸ್ಥೆ) ಪಟ್ಟಿಯಲ್ಲಿ ಗುರಿಯತ್ತ ಮುಖಮಾಡುವ ಆಯ್ಕೆ ಇದೆಯೇ ಎಂದು ನೋಡಿಕೊಳ್ಳಿ. ಅದಿಲ್ಲದ ಅಗ್ಗದ ಕೋರ್ ಈ ಕೆಲಸಕ್ಕೆ ಸಾಲದು.

ತೂಕ: ಇಂಧನ 16 ಟನ್, ಉಳಿದದ್ದೆಲ್ಲ ಸೇರಿ 10.5, ಒಟ್ಟು 26.5 ಟನ್.

ಇದನ್ನು ಮೇಲೇರಿಸಲು ಕೆಳಗೆ ಒಂದು ಟ್ವಿನ್-ಬೋರ್ ಎಂಜಿನ್, ಅದರ ಅಕ್ಕಪಕ್ಕ ಎರಡು ಕಿಕ್‌ಬ್ಯಾಕ್ ಬೂಸ್ಟರ್, ಎರಡನೇ ಹಂತಕ್ಕೆ ಜಂಬೋ-64 ಟ್ಯಾಂಕ್ ಮತ್ತು ಸ್ಕಿಪ್ಪರ್ ಎಂಜಿನ್. 100 ಕಿಮೀ ಕಕ್ಷೆ ಸೇರಲು ಬೇಕಾಗುವುದು ಸುಮಾರು 3,400 ಮೀ/ಸೆ, ಈ ಜೋಡಣೆಯಲ್ಲಿ ಅಷ್ಟು ಸಿಕ್ಕಿ ಸ್ವಲ್ಪ ಮಿಗುತ್ತದೆ.

ಖರ್ಚಿನಲ್ಲಿ ದೊಡ್ಡ ಪಾಲು ನರ್ವ್‌ನದೇ. ಆಟದ ಹಣದಲ್ಲಿ ಒಂದಕ್ಕೆ 10,000, ಎರಡಕ್ಕೆ 20,000. ಟ್ವಿನ್-ಬೋರ್ 17,000, ಜಂಬೋ 5,750, ಸ್ಕಿಪ್ಪರ್ 5,300, ಕಿಕ್‌ಬ್ಯಾಕ್ ಜೋಡಿ 5,400, ಟ್ಯಾಂಕ್ ಎಂಟಕ್ಕೆ 4,400. ಇಷ್ಟಕ್ಕೆಲ್ಲ ಕಾರಣವಾದ ಕ್ಲಾ ಬರೀ 450. ಚಿಲ್ಲರೆ ಭಾಗಗಳೂ ಸೇರಿ 70,000ದ ಆಸುಪಾಸು.

ಕಟ್ಟುವಾಗ ತಿದ್ದಿದ ಒಂದು ವಿಷಯ: ಆರ್‌ಸಿಎಸ್ ನಳಿಗೆಗಳನ್ನು (ನೌಕೆಯನ್ನು ಆಚೀಚೆ ಸರಿಸುವ ಪುಟ್ಟ ಎಂಜಿನ್‌ಗಳನ್ನು) ಮೊದಲು ಟ್ಯಾಂಕ್ ತುಂಬಿದಾಗಿನ ತೂಕದ ಕೇಂದ್ರದ ಸುತ್ತ ಇಟ್ಟಿದ್ದೆ. ಬಂಡೆ ಮುಟ್ಟುವ ಹೊತ್ತಿಗೆ ಇಂಧನದ ಮೂರನೇ ಒಂದು ಭಾಗಕ್ಕೂ ಹೆಚ್ಚು ಮುಗಿದಿರುತ್ತದೆ, ಕೇಂದ್ರ ಎಂಜಿನ್ ಕಡೆಗೆ ಜಾರಿರುತ್ತದೆ. ಆಗ ಪಕ್ಕಕ್ಕೆ ಸರಿಸಲು ಹೋದರೆ ನೌಕೆ ಮೂತಿ ತಿರುಗಿಸುತ್ತದೆ. ನೌಕೆ ಕಟ್ಟುವ ಕಟ್ಟಡದೊಳಗೇ ಟ್ಯಾಂಕುಗಳನ್ನು ಅಷ್ಟರ ಮಟ್ಟಿಗೆ ಖಾಲಿ ಮಾಡಿ, ಹೊಸ ಕೇಂದ್ರ ಎಲ್ಲಿ ಬರುತ್ತದೆಂದು ನೋಡಿ, ನಳಿಗೆಗಳನ್ನು ಅಲ್ಲಿಗೆ ಸರಿಸಿದೆ. ಹಾರುವ ಮುನ್ನ ಮತ್ತೆ ಟ್ಯಾಂಕ್ ತುಂಬಲು ಮರೆಯಬಾರದು.

ಹಂತ 4: ಬಂಡೆಯತ್ತ

ಎರಡನೇ ಬಂಡೆಗೆ ಕೆರ್ಬಿನ್ ತಲುಪಲು ಇನ್ನೂ ಸುಮಾರು 180 ದಿನ ಇದ್ದಾಗ ಹೊರಟೆ. ಮುಂಗಾಣ್ಕೆಯ ಪ್ರಕಾರ ಅದು 9,800 ಕಿಮೀ ಎತ್ತರದಲ್ಲಿ ಹಾದು ಹೋಗಬೇಕು, ದೂರದಲ್ಲಿ ಅದರ ವೇಗ ಕೆರ್ಬಿನ್‌ಗೆ ಹೋಲಿಸಿದರೆ 600 ಮೀ/ಸೆ.

ಕಕ್ಷೆ ಬಿಡಲು 945. ಆಮೇಲೆ ಸೂರ್ಯನ ಕಕ್ಷೆಯಲ್ಲಿ ಚಿಕ್ಕ ತಿದ್ದುಪಡಿಗಳು. ಮೊದಲ ನೋಡ್‌ನಲ್ಲಿ (ಮುಂದೆ ಎಲ್ಲಿ, ಎಷ್ಟು ಉರಿಸಬೇಕೆಂದು ನಕ್ಷೆಯಲ್ಲಿ ಇಡುವ ಗುರುತಿನಲ್ಲಿ) ಅತಿ ಹತ್ತಿರದ ದೂರ ಸಾವಿರಾರು ಕಿಮೀ ತೋರಿಸುತ್ತಿತ್ತು. ಅದನ್ನು ಒಂದೇ ಸಲಕ್ಕೆ ಸೊನ್ನೆಗೆ ತರಲು ಹೆಣಗಬೇಡಿ. ಅರ್ಧ ದಾರಿಯಲ್ಲಿ ಒಂದು, ಮುಕ್ಕಾಲು ದಾರಿಯಲ್ಲಿ ಇನ್ನೊಂದು ತಿದ್ದುಪಡಿ ಮಾಡಿದರೆ ಸುಮಾರು 55 ಮೀ/ಸೆ ಖರ್ಚಿನಲ್ಲಿ ದೂರ 40 ಕಿಮೀಗೆ ಇಳಿಯುತ್ತದೆ. ಕೊನೆಗೆ ಬಂಡೆಯ ವೇಗಕ್ಕೆ ಸರಿಗಟ್ಟಲು 900. ಎಲ್ಲ ಸೇರಿ 1,900.

ಮುಟ್ಟಿದಾಗ ನೌಕೆ 20.8 ಟನ್, ಇಂಧನ 10.3 ಟನ್ ಉಳಿದಿತ್ತು. ಬಂಡೆ ಕೆರ್ಬಿನ್ ಸೇರಲು ಇನ್ನೂ 60 ದಿನ. ಅವಸರವೇ ಇಲ್ಲ. ಕೊಕ್ಕೆ-1ಕ್ಕೂ ಇದಕ್ಕೂ ಇದ್ದ ದೊಡ್ಡ ವ್ಯತ್ಯಾಸ ಈ 60 ದಿನ.

ಹಂತ 5: ಹಿಡಿತ

ಸಮಯ ಹೆಚ್ಚು ಹೋದದ್ದು ಇಲ್ಲಿ, ಹೋಗಬೇಕಾದದ್ದೂ ಇಲ್ಲೇ.

ಮೊದಲು ಬಂಡೆಯ ಮೇಲೆ ರೈಟ್ ಕ್ಲಿಕ್ ಮಾಡಿ ತೂಕದ ಕೇಂದ್ರವನ್ನೇ ಗುರಿಯಾಗಿ ಆರಿಸಬೇಕು. ಆಗ ನೇವ್‌ಬಾಲ್‌ನ (ದಿಕ್ಕು ತೋರಿಸುವ ಗೋಳದ) ಗುಲಾಬಿ ಗುರುತು ಬಂಡೆಯ ಮೈಯನ್ನಲ್ಲ, ಅದರ ಕೇಂದ್ರವನ್ನು ತೋರಿಸುತ್ತದೆ. ಬಂಡೆ ಗುಂಡಗಿರುವುದಿಲ್ಲ, ಕಣ್ಣಂದಾಜಿನಲ್ಲಿ ನಡುವೆ ಎಂದುಕೊಂಡದ್ದು ನಡುವೆ ಆಗಿರುವುದಿಲ್ಲ. ಸುಮಾರು 50 ಮೀಟರ್ ದೂರದಲ್ಲಿ ನಿಂತು ಬಂಡೆಯನ್ನು ಒಂದು ಸುತ್ತು ಬಂದು, ಸಮತಟ್ಟಾದ ಮುಖವೊಂದನ್ನು ಹುಡುಕಿದೆ. ಗುಡ್ಡೆಯ ಇಳಿಜಾರಿಗೆ ಕ್ಲಾ ತಗುಲಿದರೆ ಕಚ್ಚುವ ಮೊದಲು ಜಾರುತ್ತದೆ, ಕಚ್ಚಿದರೂ ಓರೆಯಾಗಿ ಕಚ್ಚುತ್ತದೆ.

ಕ್ಲಾದ ಬಾಯಿ ತೆರೆದು, ಎಸ್‌ಎಎಸ್ ಅನ್ನು ಗುರಿಯತ್ತ ಇಟ್ಟು, 0.4 ಮೀ/ಸೆ ವೇಗದಲ್ಲಿ ಹೋಗಿ ಮುಟ್ಟಿಸಿದೆ. ಮೊದಲ ಮುಟ್ಟುವಿಕೆಗೇ ಕಚ್ಚಿತು. ಬಂಡೆಯ ತೂಕ 118 ಟನ್. ಹೆಸರು ಬದಲಿಸುವ ಅವಕಾಶ ಇತ್ತು, 'ಗುಂಡುಕಲ್ಲು' ಎಂದಿಟ್ಟೆ.

ಕಚ್ಚಿದ ಕೂಡಲೇ ನೌಕೆ ನಡುಗತೊಡಗಿತು. ನಡುಕ ಹೆಚ್ಚುತ್ತ ಹೋಗಿ ಪಕ್ಕದ ಟ್ಯಾಂಕ್ ಸಾಲೊಂದು ಕಿತ್ತು ಹೋಯಿತು. ಹಿಂದಿನ ಸೇವ್‌ಗೆ ಮರಳಿ ಕಾರಣ ಹುಡುಕಿದೆ. ಟ್ಯಾಂಕ್‌ಗಳಿಗೆ ಆಟೋಸ್ಟ್ರಟ್ (ಭಾಗಗಳನ್ನು ಬಿಗಿಯುವ ಕಾಣದ ಆಧಾರ ಕಂಬಿ) ಅನ್ನು 'ಅತಿ ಭಾರದ ಭಾಗಕ್ಕೆ' ಎಂದು ಕೊಟ್ಟಿದ್ದೆ. ಕಟ್ಟುವಾಗ ಅತಿ ಭಾರದ ಭಾಗ ನೌಕೆಯದ್ದೇ ಆಗಿತ್ತು. ಬಂಡೆ ಹಿಡಿದ ಕ್ಷಣದಿಂದ ಅತಿ ಭಾರದ ಭಾಗ ಬಂಡೆ. ಆಟೋಸ್ಟ್ರಟ್‌ಗಳೆಲ್ಲ ಕ್ಲಾದ ಕೀಲನ್ನು ದಾಟಿ ಬಂಡೆಗೆ ಬಿಗಿದುಕೊಂಡವು, ಕೀಲು ಒಂದು ಕಡೆಗೆ, ಸ್ಟ್ರಟ್‌ಗಳು ಇನ್ನೊಂದು ಕಡೆಗೆ ಎಳೆದವು. ಎಲ್ಲವನ್ನೂ 'ಅಜ್ಜ ಭಾಗಕ್ಕೆ', ಅಂದರೆ ಎರಡು ಕೊಂಡಿ ಹಿಂದಿನ ಭಾಗಕ್ಕೆ, ಬದಲಿಸಿದೆ. ಹಾರಾಟದ ನಡುವೆಯೂ ಇದನ್ನು ಬದಲಿಸಬಹುದು, ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಟ್ವೀಕಬಲ್ಸ್ ಆನ್ ಇರಬೇಕು ಅಷ್ಟೇ. ಮತ್ತೆ ಹಿಡಿದಾಗ ನಡುಕ ಇರಲಿಲ್ಲ.

ಉಳಿದ ಸಣ್ಣ ತೂಗಾಟ ಎಸ್‌ಎಎಸ್‌ನದು. ಇಷ್ಟು ಭಾರವನ್ನು ಮೆದು ಕೀಲಿನ ಆಚೆ ಹಿಡಿದುಕೊಂಡಾಗ ರಿಯಾಕ್ಷನ್ ವೀಲ್ ಪೂರ್ತಿ ಬಲದಲ್ಲಿ ಹಿಂದೆ ಮುಂದೆ ಎಳೆದಾಡುತ್ತದೆ. ವೀಲ್‌ಗಳ ಬಲವನ್ನು ಶೇ 30ಕ್ಕೆ ಇಳಿಸಿದೆ, ತೂಗಾಟ ನಿಂತಿತು. ಎಂಜಿನ್ ಉರಿಸುವಾಗ ಮಾತ್ರ ಮತ್ತೆ 100ಕ್ಕೆ ಏರಿಸಬೇಕು.

ಇನ್ನು ಗೆರೆ ಹೊಂದಿಸುವುದು. ಕ್ಲಾದ ಮೇಲೆ ಕ್ಲಿಕ್ ಮಾಡಿ ಕೀಲನ್ನು ಸಡಿಲಿಸಿದರೆ ನೌಕೆ ಕಚ್ಚಿದ ಬಿಂದುವಿನ ಸುತ್ತ ಸ್ವಲ್ಪ ಆಚೀಚೆ ವಾಲಬಲ್ಲದು. ಗುರಿ ಇನ್ನೂ ಬಂಡೆಯ ಕೇಂದ್ರವೇ ಆಗಿರಬೇಕು, 'ಇಲ್ಲಿಂದ ನಿಯಂತ್ರಿಸು' ನೌಕೆಯ ಕೋರ್‌ಗೆ ಕೊಟ್ಟಿರಬೇಕು. ಮೆಲ್ಲಗೆ ವಾಲಿಸಿ, ಮೂತಿಯ ಗುರುತು ಗುಲಾಬಿ ಗುರುತಿನ ಮೇಲೆ ಬಂದಾಗ ಕೀಲು ಬಿಗಿ ಮಾಡಬೇಕು. ವಾಲಿಸುವುದು ಅತಿ ನಿಧಾನವಾಗಿರಲಿ. ಬೇಗ ತಿರುಗಿಸಿದರೆ ಬಿಗಿ ಮಾಡುವಷ್ಟರಲ್ಲಿ ಗುರುತು ದಾಟಿ ಹೋಗಿರುತ್ತದೆ.

ಬಿಗಿ ಮಾಡಿದ ಮೇಲೆ ಪರೀಕ್ಷೆ. ಎಸ್‌ಎಎಸ್ ಆಫ್ ಮಾಡಿ, ಎಂಜಿನ್ ಶೇ 5ಕ್ಕೆ ಇಟ್ಟು, ಹತ್ತು ಸೆಕೆಂಡ್ ಉರಿಸಿ, ಮೂತಿಯ ಗುರುತು ನೇವ್‌ಬಾಲ್ ಮೇಲೆ ಯಾವ ಕಡೆ ಜಾರುತ್ತದೆ ನೋಡುವುದು. ಜಾರಿದರೆ ಮತ್ತೆ ಸಡಿಲಿಸಿ, ತಿದ್ದಿ, ಬಿಗಿಸಿ, ಮತ್ತೆ ಹತ್ತು ಸೆಕೆಂಡ್. ಇದನ್ನು ಮುಗಿಸಿಬಿಡಬೇಕೆಂಬ ಆತುರ ಬಂದರೆ ಆಟ ಮುಚ್ಚಿಟ್ಟು ಮರುದಿನ ತೆಗೆಯುವುದು ಒಳ್ಳೆಯದು.

ನನಗೆ ಎರಡು ದಿಕ್ಕಿನಲ್ಲಿ ಒಂದು ಚೆನ್ನಾಗಿ ಕೂತಿತು, ಇನ್ನೊಂದರಲ್ಲಿ ಸಣ್ಣ ಜಾರಿಕೆ ಉಳಿಯಿತು. ಅದು ಎರಡು ನರ್ವ್‌ಗಳು ಇರುವ ಸಮತಲದಲ್ಲೇ ಇದ್ದದ್ದು ಅನುಕೂಲವಾಯಿತು. ಒಂದು ನರ್ವ್‌ನ ಥ್ರಸ್ಟ್ ಲಿಮಿಟರ್ (ಎಂಜಿನ್ ಬಲದ ಮಿತಿ) ಅನ್ನು ಶೇ 90ಕ್ಕೆ ಇಳಿಸಿದರೆ ಒತ್ತಡದ ಗೆರೆ 6 ರಿಂದ 7 ಸೆಂಮೀ ಪಕ್ಕಕ್ಕೆ ಸರಿಯುತ್ತದೆ. ಶೇ 94ರಲ್ಲಿ ಜಾರಿಕೆ ನಿಂತಿತು. ಇದಾದ ಮೇಲೆ ಪೂರ್ತಿ ಎಂಜಿನ್‌ಗೂ ವೀಲ್‌ಗಳು ಸಲೀಸಾಗಿ ತಡೆದುಕೊಂಡವು.

ಉಳಿದ ಡೆಲ್ಟಾ-ವಿಯನ್ನು ಕೈಯಲ್ಲೇ ಲೆಕ್ಕ ಹಾಕಿದೆ. ಒಟ್ಟು 138.8 ಟನ್, ಇಂಧನ ಮುಗಿದರೆ 128.5. ಸಿಗುವುದು 605 ಮೀ/ಸೆ.

ಹಂತ 6: 11 ಮೀ/ಸೆ ತಳ್ಳು

ಬಂಡೆಯ ಪೆರಿಯಾಪ್ಸಿಸ್ ಅನ್ನು 9,800 ಕಿಮೀಯಿಂದ 100 ಕಿಮೀಗೆ ಇಳಿಸಬೇಕಿತ್ತು. 60 ದಿನ ಮೊದಲು ಅದಕ್ಕೆ ತಗುಲಿದ್ದು 11 ಮೀ/ಸೆ. ಹೋಲಿಕೆಗೆಂದು ಪ್ರಭಾವ ವಲಯದ ಅಂಚಿನಲ್ಲಿ, ಅಂದರೆ 84,000 ಕಿಮೀ ದೂರದಲ್ಲಿ, ಅದೇ ನೋಡ್ ಇಟ್ಟು ನೋಡಿದೆ. 90 ದಾಟಿತು.

2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಸೆಕೆಂಡಿಗೆ 6 ಕಿಮೀಗೂ ಹೆಚ್ಚು ವೇಗದಲ್ಲಿ ಡೈಮಾರ್ಫಸ್ ಎಂಬ ಸುಮಾರು 160 ಮೀಟರ್ ಬಂಡೆಗೆ ಗುದ್ದಿದಾಗ, 11 ಗಂಟೆ 55 ನಿಮಿಷ ಇದ್ದ ಅದರ ಸುತ್ತು ಅರ್ಧ ಗಂಟೆಗೂ ತುಸು ಹೆಚ್ಚು ಕಡಿಮೆಯಾಯಿತು. ಭೂಮಿಯತ್ತ ಬರುವ ಬಂಡೆಯನ್ನು ತಪ್ಪಿಸಬೇಕಾದರೆ ಮಾಡುವುದೂ ಇದನ್ನೇ, ಬಹಳ ಮೊದಲು, ಸ್ವಲ್ಪವೇ ತಳ್ಳುವುದು. ನಾನು ಮಾಡಿದ್ದು ತಿರುಗುಮುರುಗು, ತಪ್ಪಿ ಹೋಗಬೇಕಾದದ್ದನ್ನು ಹತ್ತಿರಕ್ಕೆ ತಂದದ್ದು. ಆ 11 ಮೀ/ಸೆ ಉರಿಸುವಾಗ ಈ ವಿಷಯ ನನಗೆ ಓದಿ ತಿಳಿದಿದ್ದಕ್ಕಿಂತ ಹೆಚ್ಚು ಚೆನ್ನಾಗಿ ಅರ್ಥವಾಯಿತು.

ಎಚ್ಚರ ಬೇಕಾದದ್ದು ನಿಖರತೆಯಲ್ಲಿ. ಅಷ್ಟು ದೂರದಿಂದ 0.1 ಮೀ/ಸೆ ಹೆಚ್ಚುಕಮ್ಮಿ ಆದರೆ ಪೆರಿಯಾಪ್ಸಿಸ್ 45 ಕಿಮೀ ಬದಲಾಗುತ್ತದೆ. 70 ಕಿಮೀ ಕೆಳಗೆ ವಾತಾವರಣ. ನೋಡ್ ಇನ್ನೂ ಸ್ವಲ್ಪ ಎಳೆದರೆ ಪಥ ಕೆರ್ಬಿನ್‌ಗೇ ಬಡಿಯುತ್ತದೆ, ಇನ್ನಷ್ಟು ಎಳೆದರೆ ಆಚೆ ಪಕ್ಕಕ್ಕೆ ದಾಟಿ ಮುನ್ ಚಂದ್ರ ಸುತ್ತುವುದಕ್ಕೆ ಎದುರು ದಿಕ್ಕಿನ ಕಕ್ಷೆ ಸಿಗುತ್ತದೆ. ಆ ಕಕ್ಷೆಗೆ ಆಮೇಲೆ ಇಂಧನ ಒಯ್ಯಲು ಬರುವ ನೌಕೆಗಳಿಗೆಲ್ಲ ಅದು ಶಿಕ್ಷೆ. ಆದ್ದರಿಂದ ಲಿಮಿಟರ್‌ಗಳನ್ನು ಶೇ 5ರ ಹತ್ತಿರ ಇಟ್ಟು, ಪೆರಿಯಾಪ್ಸಿಸ್ ಅನ್ನು ಮೊದಲು 160 ಕಿಮೀಗೆ ನಿಲ್ಲಿಸಿ, ವಲಯದೊಳಗೆ ಬಂದ ಮೇಲೆ ಸಣ್ಣ ತಿದ್ದುಪಡಿಯಲ್ಲಿ 100ಕ್ಕೆ ತಂದೆ. ಕಕ್ಷೆಯ ಓರೆಯನ್ನೂ ಇದೇ ತಳ್ಳಿನಲ್ಲಿ ತಗ್ಗಿಸಬಹುದು. ನೋಡ್‌ನ ನಾರ್ಮಲ್ ಹಿಡಿಕೆಯನ್ನು (ಕಕ್ಷೆಯ ಸಮತಲಕ್ಕೆ ಲಂಬವಾದದ್ದನ್ನು) ಕೂದಲೆಳೆಯಷ್ಟು ಎಳೆದರೆ ಸಾಕು.

ಲಿಮಿಟರ್ ಇಳಿಸುವಾಗ ಎರಡು ಎಂಜಿನ್‌ಗಳ ನಡುವಿನ 100-94 ಅನುಪಾತ ಉಳಿಸಿಕೊಳ್ಳಬೇಕು.

ಹಂತ 7: ಸೆರೆ

100 ಕಿಮೀ ಎತ್ತರದಲ್ಲಿ ಬಂಡೆಯ ವೇಗ 3,233 ಮೀ/ಸೆ. ಅದನ್ನು 3,140ಕ್ಕೆ ಇಳಿಸಿದರೆ 29,400 ಕಿಮೀ ಅಪೋಆಪ್ಸಿಸ್ (ಅತಿ ದೂರದ ಬಿಂದು) ಇರುವ ಉದ್ದನೆಯ ಕಕ್ಷೆ. ಅಂದರೆ 93 ಮೀ/ಸೆ, ಎರಡು ನರ್ವ್‌ಗೆ 110 ಸೆಕೆಂಡ್. ಪೆರಿಯಾಪ್ಸಿಸ್‌ಗೆ 55 ಸೆಕೆಂಡ್ ಮೊದಲು ಶುರು ಮಾಡಿದೆ.

ಉರಿಸುವ ದಿಕ್ಕಿಗೆ ಬಂಡೆಯನ್ನು ತಿರುಗಿಸಿ ನಿಲ್ಲಿಸುವ ಕೆಲಸ ಬಹಳ ಮೊದಲೇ ಮುಗಿದಿರಬೇಕು. 138 ಟನ್ ತಿರುಗಲು ಹಲವು ನಿಮಿಷ, ತಿರುಗಿದ್ದು ನಿಲ್ಲಲು ಮತ್ತಷ್ಟು ನಿಮಿಷ ಬೇಕು. ಸರಿಯಾದ ದಿಕ್ಕಿಗೆ ಬಂದಾಗ ಒಂದು ಕ್ಷಣ ಟೈಮ್ ವಾರ್ಪ್ (ಆಟದ ಕಾಲವನ್ನು ವೇಗವಾಗಿ ಓಡಿಸುವುದು) ಒತ್ತಿ ಬಿಟ್ಟರೆ ಉಳಿದ ತಿರುಗುವಿಕೆ ಅಲ್ಲೇ ನಿಲ್ಲುತ್ತದೆ. ಇದು ಆಟದ ಸೌಲಭ್ಯ, ನಾನು ಸಂಕೋಚವಿಲ್ಲದೆ ಬಳಸಿದೆ. ಫಿಸಿಕ್ಸ್ ವಾರ್ಪ್ (ಬಲಗಳ ಲೆಕ್ಕ ನಡೆಯುತ್ತಿರುವಾಗಲೇ ಕಾಲ ಓಡಿಸುವುದು) ಮಾತ್ರ ಬಂಡೆ ಹಿಡಿದಾಗ ಮುಟ್ಟಬೇಡಿ.

ಗೆರೆ ಸರಿಯಿದ್ದದ್ದರಿಂದ ಪೂರ್ತಿ ಎಂಜಿನ್‌ನಲ್ಲೂ ಮೂತಿ ಅಲುಗಲಿಲ್ಲ. ಪಥದ ತೆರೆದ ತುದಿ ಮುಚ್ಚಿಕೊಂಡು ದೀರ್ಘವೃತ್ತವಾಗಿ ಬಾಗುವುದನ್ನು ಮ್ಯಾಪ್‌ನಲ್ಲಿ ನೋಡಿದಾಗ ಆದ ಸಂತೋಷ ದೊಡ್ಡದು.

ಲೆಕ್ಕದ ವಿಷಯದಲ್ಲಿ ನೇರವಾಗಿ ಒಂದು ಮಾತು. ಪೆರಿಯಾಪ್ಸಿಸ್ ಇಳಿಸಿದ್ದರಿಂದ ಒಟ್ಟು ಉಳಿತಾಯ ದೊಡ್ಡದೇನಲ್ಲ. 9,800 ಕಿಮೀಯಲ್ಲೇ ಹಿಡಿದು ಕೊನೆಯ ಕಕ್ಷೆಗೆ ಒಯ್ದಿದ್ದರೆ 309 ಮತ್ತು 97, ಒಟ್ಟು 406. ನಾನು ಖರ್ಚು ಮಾಡಿದ್ದು 11, 93 ಮತ್ತು 270, ಒಟ್ಟು 374. ಆದರೂ ಮತ್ತೆ ಮಾಡುವುದಾದರೆ ಹೀಗೇ ಮಾಡುತ್ತೇನೆ. ಅಲ್ಲಿ ಸೆರೆಯ ಬರ್ನ್ ಆರು ನಿಮಿಷ, ಇಲ್ಲಿ ಎರಡು ನಿಮಿಷದೊಳಗೆ. ಇಂಧನದ ಅಂದಾಜು ತಪ್ಪಿದ್ದರೂ 93 ಕೈಯಲ್ಲಿದ್ದರೆ ಬಂಡೆ ಕೆರ್ಬಿನ್ ಬಿಟ್ಟು ಹೋಗುವುದಿಲ್ಲ, ಉಳಿದದ್ದಕ್ಕೆ ಇನ್ನೊಂದು ನೌಕೆ ಕಳಿಸಿದರಾಯಿತು. ಕೊಕ್ಕೆ-1ಕ್ಕೆ ಆ ಭದ್ರತೆ ಇರಲಿಲ್ಲ.

ಹಂತ 8: ನೆಲೆ

29,400 ಕಿಮೀ ಆರಿಸಿದ್ದಕ್ಕೆ ಕಾರಣ ಎರಡು ಚಂದ್ರಗಳು. ಮುನ್ 12,000 ಕಿಮೀಯಲ್ಲಿ, ಮಿನ್ಮಸ್ 47,000 ಕಿಮೀಯಲ್ಲಿ ಸುತ್ತುತ್ತವೆ. ನಡುವಿನ ಈ ಎತ್ತರಕ್ಕೆ ಎರಡರ ಪ್ರಭಾವ ವಲಯವೂ ತಾಕುವುದಿಲ್ಲ. ಉದ್ದನೆಯ ಕಕ್ಷೆಯಲ್ಲೇ ಬಿಟ್ಟಿದ್ದರೆ ಪ್ರತಿ ಸುತ್ತಿಗೂ ಮುನ್‌ನ ದಾರಿ ದಾಟಬೇಕು, ಒಂದಲ್ಲ ಒಂದು ದಿನ ಮುನ್ ಅದನ್ನು ಎಲ್ಲಿಗಾದರೂ ಎಸೆಯುತ್ತದೆ.

ಮೇಲಕ್ಕೆ ಏರಲು ಸುಮಾರು 4.6 ದಿನ. ಅಪೋಆಪ್ಸಿಸ್‌ನಲ್ಲಿ 270 ಮೀ/ಸೆ, ಐದು ನಿಮಿಷಕ್ಕೆ ತುಸು ಹೆಚ್ಚು. ಉಳಿದ ಇಂಧನ 3.8 ಟನ್.

ಹಂತ 9: ಕಣಜ

ಗಣಿ ನೌಕೆಗೆ 'ಕಣಜ' ಎಂದು ಹೆಸರಿಟ್ಟೆ. ಅದಿರನ್ನು ಇಂಧನವಾಗಿ ಮಾರ್ಪಡಿಸುವ ಕನ್ವರ್ಟ್-ಓ-ಟ್ರಾನ್ 250 (4.25 ಟನ್), ದೊಡ್ಡ ಡ್ರಿಲ್ ಎರಡು, 300 ಯೂನಿಟ್ ಅದಿರು ಟ್ಯಾಂಕ್, ಜೈಗ್ಯಾಂಟರ್ ಸೌರ ಫಲಕ ಎರಡು, ಮಧ್ಯಮ ಗಾತ್ರದ ರೇಡಿಯೇಟರ್ ಒಂದು, ಒಬ್ಬ ಎಂಜಿನಿಯರ್ ಕೆರ್ಬಲ್ (ಆಟದ ಗಗನಯಾತ್ರಿ). ಇದೂ ಕ್ಲಾದಿಂದಲೇ ಬಂಡೆ ಹಿಡಿಯುತ್ತದೆ. 125 ಎಂಬ ಚಿಕ್ಕ ಕನ್ವರ್ಟರ್ ಹಗುರ, ಆದರೆ ಅದಿರಿನ ಬಹುಭಾಗವನ್ನು ಹಾಳು ಮಾಡುತ್ತದೆ. ಕಷ್ಟಪಟ್ಟು ತಂದ ಬಂಡೆಗೆ ಅದನ್ನು ಹಾಕಲು ಮನಸ್ಸಾಗಲಿಲ್ಲ.

ಮೊದಲ ಜೋಡಣೆಯಲ್ಲಿ ಡ್ರಿಲ್‌ಗಳು ನೌಕೆಯ ನಡುಭಾಗದಲ್ಲಿದ್ದವು. ಕ್ಲಾ ಕಚ್ಚಿತು, ಡ್ರಿಲ್ ಚಾಚಿದರೆ ತುದಿ ಬಂಡೆಯನ್ನು ಮುಟ್ಟಲೇ ಇಲ್ಲ. ಆ ನೌಕೆಯನ್ನು ಬಿಟ್ಟು, ಡ್ರಿಲ್‌ಗಳನ್ನು ಕ್ಲಾದ ಪಕ್ಕಕ್ಕೇ ತಂದು ಮುಂದಕ್ಕೆ ವಾಲಿಸಿ ಮತ್ತೆ ಕಟ್ಟಬೇಕಾಯಿತು. ಕಟ್ಟಡದಲ್ಲೇ ಡ್ರಿಲ್ ಚಾಚಿ ನೋಡಿ, ಅದರ ತುದಿ ಕ್ಲಾದ ಹಲ್ಲಿಗಿಂತ ಮುಂದೆ ಬರಲೇಬೇಕು.

ಆಮೇಲೆ ಬಿಸಿ. ಕನ್ವರ್ಟರ್‌ಗೆ 200 ಕಿಲೋವ್ಯಾಟ್, ಡ್ರಿಲ್ ಒಂದಕ್ಕೆ 100, ಒಟ್ಟು 400 ಕಿಲೋವ್ಯಾಟ್ ತಂಪು ಬೇಕು. ಮಧ್ಯಮ ರೇಡಿಯೇಟರ್ ಕೊಡುವುದು 250. ಎಲ್ಲವನ್ನೂ ಒಟ್ಟಿಗೆ ನಡೆಸಿದಾಗ ಬಿಸಿ ಏರಿ ದಕ್ಷತೆ ಕುಸಿಯಿತು. ಹೊಸ ರೇಡಿಯೇಟರ್ ಕಳಿಸುವ ಬದಲು ಸರದಿ ಮಾಡಿದೆ. ಕನ್ವರ್ಟರ್ ನಿಲ್ಲಿಸಿ ಎರಡು ಡ್ರಿಲ್ ನಡೆಸಿದರೆ 200. ಅದಿರು ತುಂಬಿದ ಮೇಲೆ ಡ್ರಿಲ್ ನಿಲ್ಲಿಸಿ ಕನ್ವರ್ಟರ್ ನಡೆಸಿದರೂ 200. ಎರಡೂ ಮಿತಿಯೊಳಗೆ. ಕನ್ವರ್ಟರ್‌ಗೆ ಸೆಕೆಂಡಿಗೆ 30 ಯೂನಿಟ್ ವಿದ್ಯುತ್ ಬೇಕು, ಜೈಗ್ಯಾಂಟರ್ ಒಂದು 24ರ ಆಸುಪಾಸು ಕೊಡುತ್ತದೆ, ಎರಡಿರುವುದರಿಂದ ತೊಂದರೆಯಿಲ್ಲ. ಅಂದಹಾಗೆ, ಮಡಚುವ ರೇಡಿಯೇಟರ್ ಇಡೀ ನೌಕೆಯನ್ನು ತಂಪು ಮಾಡುತ್ತದೆ, ಅಂಟಿಸುವ ಚಪ್ಪಟೆ ಫಲಕ ತನ್ನ ಪಕ್ಕದ ಭಾಗಗಳನ್ನು ಮಾತ್ರ.

ಬಂಡೆಯಲ್ಲಿ ಶೇ 84 ಅದಿರು. ಒಂದು ಟನ್ ಅದಿರಿಗೆ ಒಂದು ಟನ್ ಇಂಧನ ಸಿಗುತ್ತದೆ. ಒಂದೇ ಬಂಡೆಗೆ ಅಂಟಿದ ಎರಡೂ ನೌಕೆಗಳನ್ನು ಆಟ ಒಂದೇ ನೌಕೆ ಎಂದು ಲೆಕ್ಕ ಹಾಕುವುದರಿಂದ, ಕಣಜದಲ್ಲಿ ತಯಾರಾದ ಇಂಧನ ಕೊಕ್ಕೆ-2ರ ಟ್ಯಾಂಕ್‌ಗೆ ನೇರವಾಗಿ ಹೋಗುತ್ತದೆ.

ಈಗಿನ ಸ್ಥಿತಿ

ಕೊಕ್ಕೆ-2ರ ಎಂಟೂ ಟ್ಯಾಂಕ್ ತುಂಬಿವೆ. ಬಂಡೆ 118ರಿಂದ 105.6 ಟನ್‌ಗೆ ಇಳಿದಿದೆ, ಅದಿರು ಇನ್ನೂ 86 ಟನ್ನಿಗೂ ಹೆಚ್ಚು ಇದೆ. ಆಕ್ಸಿಡೈಸರ್ ತುಂಬಿಸಿಕೊಳ್ಳುವ ಟ್ಯಾಂಕ್ ಸದ್ಯಕ್ಕೆ ಇಲ್ಲ, ಮುಂದಿನ ನೌಕೆ ಅದನ್ನೂ ಒಂದು ಡಾಕಿಂಗ್ ಪೋರ್ಟನ್ನೂ ತರುತ್ತದೆ. ಬಂಡೆಯನ್ನು ಮತ್ತೆ ಸರಿಸಬೇಕಾಗಿ ಬಂದರೆ ಗೆರೆಯನ್ನು ಹೊಸದಾಗಿ ಹೊಂದಿಸಬೇಕು. ಕಣಜ ಒಂದು ಪಕ್ಕದಲ್ಲಿ ಅಂಟಿದೆ, ಕೊಕ್ಕೆ-2 ತುಂಬಿ ಭಾರವಾಗಿದೆ, ಬಂಡೆ ಹಗುರವಾಗಿದೆ. ಹಳೆಯ ಶೇ 94 ಈಗ ನಡೆಯುವುದಿಲ್ಲ. ಬಂಡೆಯೊಂದರ ಕೇಂದ್ರವನ್ನು ಗುರಿಯಾಗಿಟ್ಟರೂ ಸಾಲದು, ಮೂರೂ ಸೇರಿದ ಕೇಂದ್ರ ಬೇರೆಡೆ ಇರುತ್ತದೆ. ಮೊದಲು ಕಣಜವನ್ನು ಬಿಡಿಸಿ ದೂರ ನಿಲ್ಲಿಸಿ, ಆಮೇಲೆ ಶೇ 5ರ ಹತ್ತು ಸೆಕೆಂಡ್ ಪರೀಕ್ಷೆಯಿಂದ ಶುರು ಮಾಡುವುದು ನನ್ನ ಯೋಚನೆ.